ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುವ ಬಾಗಿಲು

ಮದುವೆಮನೆಯ ಊಟ ಸ್ವಲ್ಪ ಹೆಚ್ಚಾಯಿತು ಅನ್ನಿಸಿದರೆ ನಮ್ಮಲ್ಲಿ ಅನೇಕರ ಕಣ್ಣು ಸೋಡಾ ಅಂಗಡಿಯನ್ನು ಹುಡುಕುತ್ತದೆ. ಒಂದು ನಿಂಬೆ ಸೋಡಾ ಕುಡಿದು ದೊಡ್ಡದೊಂದು ತೇಗು ಬಂದರೆ ಹೊಟ್ಟೆ ಹಗುರಾದ ಸಮಾಧಾನ. ಆ ತೇಗು ಬರಬೇಕಾದರೆ ಅನ್ನನಾಳದ ಕೆಳತುದಿಯಲ್ಲಿರುವ ಬಾಗಿಲೊಂದು ತೆರೆದುಕೊಳ್ಳಬೇಕು. ಗಾಳಿ ಹೊರಬರುವ ಆ ದಾರಿಯಲ್ಲೇ ಜಠರದ ಹುಳಿರಸವೂ ಮೇಲೇರುತ್ತದೆ. ಎದೆಯುರಿ, ಹುಳಿತೇಗು, ಬೆಳಗೆದ್ದಾಗ ಕಟ್ಟಿಕೊಂಡ ಗಂಟಲು, ಇವುಗಳ ಮೂಲ ಬಹುಮಟ್ಟಿಗೆ ಈ ಬಾಗಿಲಿನ ವರ್ತನೆಯಲ್ಲಿದೆ. ‘ಆಸಿಡ್ ಜಾಸ್ತಿಯಾಗಿದೆ’ ಎಂದು ನಾವು ಹೇಳುತ್ತೇವೆ. ಆದರೆ ಹೆಚ್ಚಿನವರಲ್ಲಿ ಆಮ್ಲ ಇರಬೇಕಾದಷ್ಟೇ ಇರುತ್ತದೆ, ಇರಬಾರದ ಜಾಗಕ್ಕೆ ಬಂದಿರುತ್ತದೆ ಅಷ್ಟೆ. ಈ ಒಂದು ಸಂಗತಿ ಮನಸ್ಸಿಗೆ ಬಂದರೆ ಚಿಕಿತ್ಸೆಯ ದಾರಿಯೂ ತಿಳಿಯಾಗುತ್ತದೆ.

ವಯಸ್ಕರ ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಕೊಳವೆ. ಅದರ ತಳದ 3ರಿಂದ 4 ಸೆಂ.ಮೀ. ಭಾಗದ ಸ್ನಾಯು, ದಾರ ಎಳೆದ ಎಲೆಯಡಿಕೆ ಸಂಚಿಯ ಬಾಯಿಯಂತೆ, ಬಿಗಿದುಕೊಂಡಿರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯ ನಾರುಗಳು ಅದೇ ಜಾಗವನ್ನು ಹೊರಗಿನಿಂದ ಸುತ್ತುವರಿದು ಇನ್ನಷ್ಟು ಅದುಮುತ್ತವೆ. ಕೆಮ್ಮಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿದರೂ ರಸ ಮೇಲೆ ಚಿಮ್ಮದಿರುವುದು ಈ ಎರಡು ಹಿಡಿತಗಳಿಂದ. ಕೆಲವರಲ್ಲಿ ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಯೊಳಕ್ಕೆ ಜಾರಿರುತ್ತದೆ. ವೈದ್ಯರು ಅದನ್ನು ಹಯಾಟಸ್ ಹರ್ನಿಯಾ ಎನ್ನುತ್ತಾರೆ. ಆಗ ಸ್ನಾಯು ಒಂದು ಕಡೆ, ವಪೆ ಇನ್ನೊಂದು ಕಡೆಯಾಗಿ ಹಿಡಿತ ಸಡಿಲಗೊಳ್ಳುತ್ತದೆ.

ಹರ್ನಿಯಾ ಇಲ್ಲದವರಲ್ಲೂ ಬಾಗಿಲು ತೆರೆಯುತ್ತದೆ. ಊಟದಿಂದ ಜಠರದ ಮೇಲ್ಭಾಗ ಹಿಗ್ಗಿದೊಡನೆ ಅಲ್ಲಿನ ನರಗಳು ಮಿದುಳಿನ ಬುಡಕ್ಕೆ ಸುದ್ದಿ ಕಳಿಸುತ್ತವೆ. ಅಲ್ಲಿಂದ ಮರುಸಂದೇಶ ಬಂದು, ನಾವು ಏನನ್ನೂ ನುಂಗದೆ ಇರುವಾಗಲೇ, ಸ್ನಾಯು ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಸಡಿಲಾಗುತ್ತದೆ. ನುಂಗಿದ ಗಾಳಿಯನ್ನು ಹೊರಹಾಕಲು ದೇಹ ಮಾಡಿಕೊಂಡ ಏರ್ಪಾಡಿದು. ಆರೋಗ್ಯವಂತರಲ್ಲೂ ದಿನಕ್ಕೆ ಹತ್ತಾರು ಸಲ ಒಂದಿಷ್ಟು ರಸ ಹೀಗೆ ಮೇಲೇರಿ ಇಳಿಯುತ್ತದೆ. 24 ಗಂಟೆಗಳ ಪರೀಕ್ಷೆಯಲ್ಲಿ 40 ಸಲದವರೆಗೂ ಕಂಡುಬಂದರೆ ಅದನ್ನು ಸಹಜವೆಂದೇ ಗಣಿಸುತ್ತಾರೆ. ಊಟ ದೊಡ್ಡದಾದಷ್ಟೂ, ಸೋಡಾದ ಗುಳ್ಳೆಗಳಿಂದ ಹೊಟ್ಟೆ ಉಬ್ಬಿದಷ್ಟೂ ಬಾಗಿಲು ಸಡಿಲಗೊಳ್ಳುವುದು ಹೆಚ್ಚು.

ಮೇಲೆ ಬಂದದ್ದನ್ನು ಕೆಳಗಿಳಿಸುವವರು ಮೂವರು: ಭೂಮಿಯ ಸೆಳೆತ, ಅನ್ನನಾಳದ ಅಲೆಯಲೆಯಾದ ಸಂಕೋಚನ, ಜೊಲ್ಲು. ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ಉಳಿದ ಆಮ್ಲವನ್ನು ಶಮನ ಮಾಡುತ್ತದೆ. ಮಲಗಿದರೆ ಈ ಮೂರೂ ಕೈಕೊಡುತ್ತವೆ. ಭೂಮಿಯ ಸೆಳೆತ ನೆರವಿಗೆ ಬರುವುದಿಲ್ಲ, ನಿದ್ದೆಯಲ್ಲಿ ನುಂಗುವುದು ಅಪರೂಪ, ಜೊಲ್ಲು ಸುರಿಯುವುದು ಬಹಳ ಕಡಿಮೆ. ರಾತ್ರಿ ಹತ್ತೂವರೆಗೆ ಉಂಡು ಹನ್ನೊಂದಕ್ಕೆ ದಿಂಬಿಗೆ ತಲೆ ಕೊಡುವ ನಮ್ಮ ನಗರಜೀವನ ಅನ್ನನಾಳವನ್ನು ಅದರ ಅತ್ಯಂತ ಅಸಹಾಯಕ ಹೊತ್ತಿನಲ್ಲಿ ಆಮ್ಲಕ್ಕೆ ಒಡ್ಡುತ್ತದೆ.

ಗಂಟಲಿನ ಕಥೆ ಬೇರೆ. ಜಠರದ ಒಳಗೋಡೆಗೆ ದಪ್ಪ ಲೋಳೆಯ ರಕ್ಷಣೆಯಿದೆ, ಅನ್ನನಾಳಕ್ಕೆ ಒಂದಿಷ್ಟು ಸಹನೆಯಿದೆ. ಧ್ವನಿಪೆಟ್ಟಿಗೆಯ ನವಿರಾದ ಪದರಕ್ಕೆ ಅಂಥ ರಕ್ಷಣೆ ಇಲ್ಲವೆಂದೇ ಹೇಳಬೇಕು. ಮೇಲೇರಿದ ರಸದಲ್ಲಿ ಆಮ್ಲದ ಜೊತೆಗೆ ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವೂ ಇರುತ್ತದೆ. ಆಮ್ಲ ಇಳಿದುಹೋದ ಮೇಲೂ ಅದು ಗಂಟಲಿನ ಜೀವಕೋಶಗಳಿಗೆ ಅಂಟಿಕೊಂಡು ನಿಷ್ಕ್ರಿಯವಾಗಿ ಉಳಿಯಬಲ್ಲದು, ಮತ್ತೆ ಹುಳಿ ತಾಗಿದಾಗ ಎಚ್ಚರಗೊಳ್ಳಬಲ್ಲದು. ಪದೇಪದೇ ಗಂಟಲು ಕೆರೆಯುವುದು, ಬೆಳಗಿನ ಒಡಕು ದನಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸುವುದು, ಒಣಕೆಮ್ಮು ಇದರ ಲಕ್ಷಣಗಳಾಗಿರಬಹುದು. ಈ ಲಕ್ಷಣಗಳಿರುವವರಲ್ಲಿ ಅನೇಕರಿಗೆ ಎದೆಯುರಿ ಇರುವುದೇ ಇಲ್ಲ. ಇಡೀ ದಿನ ಪಾಠ ಹೇಳುವ ಮೇಷ್ಟ್ರಿಗೆ, ಹಾಡುವವರಿಗೆ ಇದು ಬದುಕಿನ ಪ್ರಶ್ನೆ.

ಹಾಗೆಂದು ಗಂಟಲಿನ ಕಿರಿಕಿರಿಗೆಲ್ಲ ಆಮ್ಲವೇ ಕಾರಣವಲ್ಲ. ಅಲರ್ಜಿ, ಮೂಗಿನ ಹಿಂಭಾಗದಿಂದ ಇಳಿಯುವ ಸಿಂಬಳ, ಧೂಮಪಾನ, ದನಿಯ ಅತಿಬಳಕೆಯಿಂದಲೂ ಇದೇ ಲಕ್ಷಣಗಳು ಕಾಣುತ್ತವೆ. ಬ್ರಿಟನ್ನಿನಲ್ಲಿ ಗಂಟಲಿನ ತೊಂದರೆ ಬಹುಕಾಲದಿಂದ ಇದ್ದ 346 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ಮುಖ್ಯ. ಒಂದು ಗುಂಪಿಗೆ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟು 16 ವಾರ ನೋಡಿದರು. ಎರಡೂ ಗುಂಪುಗಳು ಒಂದೇ ಬಗೆಯಲ್ಲಿ ಸುಧಾರಿಸಿದವು, ಔಷಧದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಗಂಟಲಿನ ತೊಂದರೆ ವಾರಗಟ್ಟಲೆ ಬಿಡದಿದ್ದರೆ ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಮಾತ್ರೆಯ ಮಾತು ಆಮೇಲೆ.

ಅದೇ ಬಗೆಯ ಮಾತ್ರೆಯಾದ ಒಮೆಪ್ರಜೋಲ್ 1988ರಲ್ಲಿ ಮಾರುಕಟ್ಟೆಗೆ ಬಂದಾಗ ಅನ್ನನಾಳದ ಹುಣ್ಣುಗಳಿಂದ ನರಳುತ್ತಿದ್ದವರಿಗೆ ನಿಜಕ್ಕೂ ಹೊಸ ಜೀವ ಬಂದಂತಾಯಿತು. ಇಂದಿಗೂ ಆ ಬಗೆಯ ಮಾತ್ರೆಗಳು ಹುಣ್ಣು ಮಾಯಿಸುವುದರಲ್ಲಿ ಬಹಳ ಸಮರ್ಥ. ಅವು ಜಠರದ ಕೋಶಗಳಲ್ಲಿ ಆಮ್ಲ ಹೊರಹಾಕುವ ಪಂಪುಗಳನ್ನು ಕಟ್ಟಿಹಾಕುತ್ತವೆ. ಆ ಪಂಪುಗಳು ಚುರುಕಾಗುವುದು ಆಹಾರ ಬಂದಾಗ, ಔಷಧ ತಾಗುವುದು ಚುರುಕಾದ ಪಂಪುಗಳಿಗೆ. ಹಾಗಾಗಿ ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಿದರೆ ಪೂರ್ಣ ಫಲ. ಊಟವಾದ ಮೇಲೆ ನೆನಪಾಗಿ ನುಂಗಿದ್ದು ಅಷ್ಟು ಕೆಲಸಕ್ಕೆ ಬಾರದು. ತಿಂಗಳುಗಟ್ಟಲೆ ತೆಗೆದುಕೊಂಡು ತಟ್ಟನೆ ಬಿಟ್ಟರೆ ಆಮ್ಲ ಕೆಲಕಾಲ ಮೊದಲಿಗಿಂತ ಹೆಚ್ಚೇ ಸುರಿಯಬಹುದು. ಶುರು ಮಾಡುವುದನ್ನೂ ಬಿಡುವುದನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು. ಇನ್ನೊಂದು ಮಿತಿಯೂ ಇದೆ. ಮಾತ್ರೆ ರಸದ ಹುಳಿಯನ್ನು ತಗ್ಗಿಸುತ್ತದೆಯೇ ಹೊರತು ಬಾಗಿಲನ್ನು ಮುಚ್ಚುವುದಿಲ್ಲ.

ಬಾಗಿಲಿಗೆ ನೆರವಾಗುವುದು ನಮ್ಮ ದಿನಚರಿ. ರಾತ್ರಿಯೂಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಇರಲಿ. ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಉಣ್ಣುವ ಬದಲು ಸ್ವಲ್ಪಸ್ವಲ್ಪವಾಗಿ ಉಣ್ಣಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಗಟ್ಟಿ ಮರದ ತುಂಡುಗಳನ್ನಿಡಿ. ಎರಡು ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗಿ ಹೊಟ್ಟೆ ಇನ್ನಷ್ಟು ಮಡಚಿಕೊಳ್ಳುತ್ತದೆ. ಎಡಮಗ್ಗುಲಿಗೆ ಮಲಗಿದರೆ ಜಠರದ ರಸ ಬಾಗಿಲಿಗಿಂತ ಕೆಳಮಟ್ಟದಲ್ಲಿ ನಿಲ್ಲುತ್ತದೆ, ಬಲಮಗ್ಗುಲಿಗೆ ಹೊರಳಿದರೆ ಬಾಗಿಲೇ ರಸದಲ್ಲಿ ಮುಳುಗುತ್ತದೆ. ಸೊಂಟದ ಬೊಜ್ಜು ಕರಗಿದರೆ ಹೊಟ್ಟೆಯೊಳಗಿನ ಒತ್ತಡ ಇಳಿಯುತ್ತದೆ. ಸಿಗರೇಟು, ಮದ್ಯ, ಚಾಕೊಲೇಟ್, ಎಣ್ಣೆಯಲ್ಲಿ ಮುಳುಗೆದ್ದ ತಿಂಡಿ ಬಾಗಿಲಿನ ಬಿಗಿ ತಗ್ಗಿಸುತ್ತವೆ. ಕಾಫಿಯಾಗಲಿ ಖಾರವಾಗಲಿ ಎಲ್ಲರಿಗೂ ಒಂದೇ ರೀತಿ ಬಾಧಿಸುವುದಿಲ್ಲ. ಯಾವುದು ತಿಂದ ದಿನ ಉರಿ ಬಂತೆಂದು ಬರೆದಿಟ್ಟುಕೊಂಡು ಅದನ್ನು ಮಾತ್ರ ಬಿಟ್ಟರೆ ಸಾಕು. ಎಲ್ಲ ರುಚಿಯನ್ನೂ ತ್ಯಜಿಸಬೇಕಿಲ್ಲ.

ಕೆಲವು ಲಕ್ಷಣಗಳು ಕಂಡಾಗ ಮನೆಮದ್ದಿನಲ್ಲಿ ದಿನ ಕಳೆಯಬಾರದು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿ ಬೇಕಾಗುತ್ತದೆ. ಹಲವು ವರ್ಷ ಆಮ್ಲದಲ್ಲಿ ತೊಯ್ದ ಅನ್ನನಾಳದ ಒಳಪದರ ಕೆಲವರಲ್ಲಿ ಬದಲಾಗುತ್ತದೆ, ಅಂಥವರಲ್ಲಿ ಕೆಲವೇ ಮಂದಿಗೆ ಅದು ಕ್ಯಾನ್ಸರಿಗೆ ತಿರುಗುತ್ತದೆ. ಬೇಗ ಕಂಡುಹಿಡಿದರೆ ತಡೆಯಲು ಸಾಧ್ಯ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಎದೆಯುರಿಯೂ ಹೃದಯಾಘಾತವೂ ಒಂದೇ ಜಾಗದಲ್ಲಿ ನೋಯಿಸುತ್ತವೆ. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದು, ಬೆವರು ಕಿತ್ತುಬಂದರೆ ‘ಗ್ಯಾಸ್ ಇರಬೇಕು’ ಎಂದು ಕಾಯುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಅದು ಬರೀ ಎದೆಯುರಿಯೆಂದು ಗೊತ್ತಾದರೆ ನಿಶ್ಚಿಂತೆಯಿಂದ ಮನೆಗೆ ಬರಬಹುದು. ಹೃದಯದ ತೊಂದರೆಯೇ ಆಗಿದ್ದರೆ ಕಾದು ಕಳೆದ ಒಂದೊಂದು ನಿಮಿಷವೂ ದುಬಾರಿ.