ಲಿನಕ್ಸ್ ಹಾಕಬಹುದು, ಆಮೇಲೆ ಯಾರನ್ನು ಕೇಳುವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸುರಕ್ಷತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ಮನೆ ಬಳಕೆಯವರಿಗೆ ಇನ್ನೊಂದು ವರ್ಷದ ವಾಯಿದೆ ಸಿಕ್ಕಿತು, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಬೇಕು. 2017ಕ್ಕೆ ಮೊದಲು ಕೊಂಡ ಯಂತ್ರಗಳು ಬಹುತೇಕ ಅಲ್ಲೇ ಬಿದ್ದುಹೋದವು. ಕಂಪನಿಗಳು ಬಳಸಿ ಬಿಟ್ಟ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್‌ಗಳನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ಮಕ್ಕಳ ಓದಿಗೆ ಇಟ್ಟುಕೊಂಡಿರುವ ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಯ ಮನೆಗಳಿಗೆ ಇದು ನೇರವಾಗಿ ತಟ್ಟುವ ವಿಷಯ. ಇಂಥ ಹೊತ್ತಿನಲ್ಲಿ ಯಾರಾದರೊಬ್ಬರು ‘ಲಿನಕ್ಸ್ ಹಾಕಿ, ದುಡ್ಡೂ ಇಲ್ಲ, ವೈರಸ್ಸೂ ಇಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಹಾಕಿ ಕೈಸುಟ್ಟುಕೊಂಡೆ, ವಾಪಸು ವಿಂಡೋಸಿಗೇ ಬಂದೆ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಇಬ್ಬರ ಅನುಭವದ ಅಂತರ ಹುಟ್ಟುವುದು ಒಂದೇ ಕಡೆ: ತೊಂದರೆಯಾದಾಗ ಕೇಳಲು ಹತ್ತಿರದಲ್ಲಿ ಒಬ್ಬರಿದ್ದರೇ, ಇಲ್ಲವೇ?

ಹಾಕುವ ಕೆಲಸವನ್ನೇ ನೋಡಿ. ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಕಡತವನ್ನು ಡೌನ್‌ಲೋಡ್ ಮಾಡಿ, ರುಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದು, ಕಂಪ್ಯೂಟರನ್ನು ಅದರಿಂದಲೇ ಚಾಲೂ ಮಾಡಬೇಕು. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ನಾಲ್ಕು ಜಿಬಿ ರ್‍ಯಾಮಿನ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಹಾರ್ಡ್‌ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ಓಡಿಸಿ ವೈಫೈ, ಧ್ವನಿ, ಕ್ಯಾಮೆರಾ ಎಲ್ಲ ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಇಷ್ಟು ಅನುಕೂಲ ವಿಂಡೋಸಿನಲ್ಲೂ ಇಲ್ಲ. ಆದರೂ ಜನ ಎಡವುತ್ತಾರೆ. ಬೂಟ್ ಮೆನುವಿಗೆ ಒಂದು ಲ್ಯಾಪ್‌ಟಾಪಿನಲ್ಲಿ ಎಫ್12, ಇನ್ನೊಂದರಲ್ಲಿ ಎಫ್9, ಮತ್ತೊಂದರಲ್ಲಿ ಎಸ್ಕೇಪ್. ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಅದರ ರಿಕವರಿ ಕೀಲಿ ಕೈಯಲ್ಲಿಲ್ಲದೆ ಮುಂದುವರಿಯಬಾರದು. ‘ವಿಂಡೋಸ್ ಜೊತೆಗೇ ಇರಲಿ’ ಮತ್ತು ‘ಇಡೀ ಡಿಸ್ಕ್ ಅಳಿಸು’ ಎಂಬ ಆಯ್ಕೆಗಳು ಒಂದೇ ತೆರೆಯಲ್ಲಿ, ಒಂದರ ಕೆಳಗೊಂದು ಬರುತ್ತವೆ. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಬ್ಯಾಕಪ್ ಇಲ್ಲದ ಮದುವೆ ಫೋಟೋಗಳು ಹೋದವೆಂದೇ ಲೆಕ್ಕ. ಇವು ಯಾವುವೂ ಕಠಿಣ ವಿದ್ಯೆಯಲ್ಲ. ಒಮ್ಮೆ ಮಾಡಿದವರು ಪಕ್ಕದಲ್ಲಿದ್ದರೆ ಒಂದು ಮಾತಿನಲ್ಲಿ ಮುಗಿಯುವ ಸಂಗತಿಗಳು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಸುಪ್ರೀಂ ಕೋರ್ಟಿನ ಇ-ಸಮಿತಿ ರೂಪಿಸಿದ ಇ-ಕೋರ್ಟ್ಸ್ ಯೋಜನೆ ದೇಶದ ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳಿಗೆ ಆರಿಸಿಕೊಂಡದ್ದು ಉಬುಂಟು ಲಿನಕ್ಸನ್ನು. ಥಾಣೆ, ಕಲ್ಯಾಣ, ಬೇಲಾಪುರದ ನ್ಯಾಯಾಲಯಗಳೂ ಈ ಯೋಜನೆಯೊಳಗೇ ಬರುತ್ತವೆ. ಪ್ರಕರಣಗಳ ದಾಖಲೆಗೆ ಬಳಸುವ ತಂತ್ರಾಂಶವನ್ನು ಸಿದ್ಧಪಡಿಸಿದ್ದು ಪುಣೆಯ ಎನ್‌ಐಸಿ. ಅಲ್ಲಿನ ಗುಮಾಸ್ತರು, ಶಿರಸ್ತೇದಾರರು ಕಂಪ್ಯೂಟರ್ ಪಂಡಿತರೇನಲ್ಲ. ಅವರಿಗೆ ತರಬೇತಿ ಕೊಟ್ಟರು, ನ್ಯಾಯಾಧೀಶರಲ್ಲೇ ಕೆಲವರನ್ನು ಮಾಸ್ಟರ್ ಟ್ರೇನರ್ ಮಾಡಿದರು, ಕೆಟ್ಟರೆ ಕರೆಯಲು ತಾಂತ್ರಿಕ ಸಿಬ್ಬಂದಿ ಇಟ್ಟರು. ಕಾಸರಗೋಡಿನ ಶಾಲೆಗಳದೂ ಇದೇ ಕತೆ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ, ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಅದೇ ಈಗ ಕೈಟ್ ಎಂಬ ಸಂಸ್ಥೆ. ತನ್ನದೇ ಲಿನಕ್ಸ್ ಆವೃತ್ತಿ ಹೊರತರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠವನ್ನು ಕನ್ನಡದ ಪುಸ್ತಕದಲ್ಲಿ ಓದಿ, ಲಿನಕ್ಸಿನಲ್ಲೇ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಅಲ್ಲಿ ಮಕ್ಕಳಿಗಿಂತ ಮೊದಲು ಕಲಿತವರು ಮೇಷ್ಟ್ರುಗಳು.

ಡೊಂಬಿವಲಿಯ ಮನೆಯಲ್ಲಿ ಕೂತವರಿಗೆ ಈ ಬೆನ್ನಾಸರೆ ಇಲ್ಲ. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯವರಿಗೆ ಗೊತ್ತಿರುವುದು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಡುವುದು. ಲಿನಕ್ಸ್ ಕಂಡರೆ ಅದನ್ನೂ ಅಳಿಸಿ ವಿಂಡೋಸ್ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ, ಗಿರಾಕಿ ಕೇಳುವುದನ್ನೇ ಅವರು ಕಲಿತಿದ್ದಾರೆ. ಪ್ರಿಂಟರಿನ ವಿಷಯದಲ್ಲಿ ಈ ಒಂಟಿತನ ಚೆನ್ನಾಗಿ ಕಾಣುತ್ತದೆ. ಎಚ್‌ಪಿ ಕಂಪನಿ ತಾನೇ ಲಿನಕ್ಸಿಗೆ ಡ್ರೈವರ್ ಸಿದ್ಧಪಡಿಸುವುದರಿಂದ ಅದರ ಬಹುತೇಕ ಪ್ರಿಂಟರುಗಳನ್ನು ಕೇಬಲ್ ಸಿಕ್ಕಿಸಿದೊಡನೆ ಲಿನಕ್ಸ್ ಗುರುತು ಹಿಡಿಯುತ್ತದೆ. ಆದರೆ ನಮ್ಮ ವಕೀಲರ ಕಚೇರಿ, ಜೆರಾಕ್ಸ್ ಅಂಗಡಿ, ಸೊಸೈಟಿ ಆಫೀಸುಗಳಲ್ಲಿ ವರ್ಷಗಳಿಂದ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900 ಬೇರೆ ಜಾತಿಯದು. ಪುಟವನ್ನು ಜೋಡಿಸುವ ಕೆಲಸದ ಬಹುಪಾಲನ್ನು ಅದು ಕಂಪ್ಯೂಟರಿಗೇ ವಹಿಸುತ್ತದೆ. ಹಾಗಾಗಿ ಅದಕ್ಕೇ ಮೀಸಲಾದ ಡ್ರೈವರ್ ಇಲ್ಲದೆ ನಡೆಯದು. ಕಂಪನಿಯ ಡ್ರೈವರಿನ ಲಿನಕ್ಸ್ ರೂಪವನ್ನು ಹೊಸ ಆವೃತ್ತಿಗಳಲ್ಲಿ ಕೂರಿಸಲು ಟರ್ಮಿನಲ್ಲಿನಲ್ಲಿ ಸಾಕಷ್ಟು ಹೆಣಗಬೇಕು. ಲಿನಕ್ಸ್ ಕೈಕೊಟ್ಟಿತು ಎನ್ನುವವರ ಮಾತು ಎಷ್ಟೋ ಸಲ ಇಂಥ ಒಂದು ಪ್ರಿಂಟರಿನ ಮಾತು.

‘ಎಲ್ಲ ಸರಿ, ಟ್ಯಾಲಿ ನಡೆಯುತ್ತದೆಯೇ?’ ಎಂದು ಕೇಳಿದರೆ ನೇರ ಉತ್ತರ ಇಲ್ಲವೆಂದೇ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ವೈನ್ ಎಂಬ ಉಪಾಯದಿಂದ ಓಡಿಸುವವರಿದ್ದಾರೆ, ಆದರೆ ಲೆಕ್ಕದ ಪುಸ್ತಕವನ್ನು ಉಪಾಯದ ಮೇಲೆ ನಿಲ್ಲಿಸುವುದು ಜಾಣತನವಲ್ಲ. ಹೋಟೆಲು, ಟ್ರಾನ್ಸ್‌ಪೋರ್ಟು ನಡೆಸುವವರು ಬಿಲ್ಲಿಂಗಿನ ಯಂತ್ರವನ್ನು ಹಾಗೇ ಬಿಡಲಿ. ಎಂಎಸ್-ಸಿಐಟಿಯ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. 2001ರಿಂದ ಎಂಕೆಸಿಎಲ್ ಸಂಸ್ಥೆ ನಡೆಸುತ್ತಿರುವ ಈ ಕಂಪ್ಯೂಟರ್ ಕೋರ್ಸು ಮಹಾರಾಷ್ಟ್ರದಲ್ಲಿ ಹಲವು ಸರ್ಕಾರಿ ನೌಕರಿಗಳಿಗೆ ಹೋಗುವವರಿಗೆ ಬೇಕಾದದ್ದು, ಕಲಿಸುವುದು ವಿಂಡೋಸ್ ಮತ್ತು ಎಂಎಸ್ ಆಫೀಸನ್ನು. ಪರೀಕ್ಷೆಗೆ ಕೂರುವ ಮಗುವಿಗೆ ಅದರ ಅಭ್ಯಾಸವೂ ಇರಲಿ. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳುವ ದಾರಿ ಇರುವುದೇ ಅದಕ್ಕೆ. ‘ವಿಂಡೋಸೂ ಪುಕ್ಕಟೆ ಸಿಗುತ್ತದಲ್ಲ’ ಎಂಬ ವಾದಕ್ಕೆ ಮಾತ್ರ ನನಗೆ ಸಹನೆ ಕಡಿಮೆ. ಕ್ರ್ಯಾಕ್ ಮಾಡಿದ ವಿಂಡೋಸಿನೊಳಗೆ ಕ್ರ್ಯಾಕಿನ ಜೊತೆ ಇನ್ನೇನು ಕೂತಿದೆಯೋ ಹೇಳಬಲ್ಲವರಿಲ್ಲ, ಅದರಲ್ಲೇ ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ.

ಕನ್ನಡದ ಬಗ್ಗೆ ಇರುವ ಅಳುಕು ಅರ್ಧ ಹಳೆಯದು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಮಣೆ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಸಿಗುತ್ತದೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಅಕ್ಷರಶೈಲಿಗಳು ಉಚಿತ. ತೊಡಕು ಬರುವುದು ಯೂನಿಕೋಡಿಗೆ ಮೊದಲಿನ ಕಡತಗಳಲ್ಲಿ. ಹಳೆಯ ನುಡಿ, ಬರಹ, ಶ್ರೀಲಿಪಿಯಲ್ಲಿ ಮಾಡಿದ ಸ್ಮರಣಸಂಚಿಕೆಯನ್ನು ತೆರೆದರೆ ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಇಲ್ಲದ ಹೊಸ ವಿಂಡೋಸಿನಲ್ಲೂ ಹೀಗೇ ಆಗುತ್ತದೆ. ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು.

ಕಲಿಯುವ ಸಾಮಗ್ರಿಗೂ ಬರವಿಲ್ಲ. ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್, ಲಿಬ್ರೆಆಫೀಸಿನ ಪುಟ್ಟ ವಿಡಿಯೋ ಪಾಠಗಳನ್ನು ಕನ್ನಡದ ದನಿಯಲ್ಲೂ ಕೊಟ್ಟಿದೆ. ಕೊರತೆ ಇರುವುದು ಪಕ್ಕದಲ್ಲಿ ಕೂರುವ ಮನುಷ್ಯನದು. ನವಿಮುಂಬಯಿಯ ಐಟಿ ಕಚೇರಿಗಳಲ್ಲಿ ಕನ್ನಡದ ಹುಡುಗ ಹುಡುಗಿಯರಿಗೆ ಬರವೇ? ಲಿನಕ್ಸ್ ಸರ್ವರುಗಳೊಂದಿಗೇ ದಿನ ಕಳೆಯುವವರೂ ಅವರಲ್ಲಿದ್ದಾರೆ. ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಅವರನ್ನು ಭಾನುವಾರ ಕರೆಸಿ ಕೂರಿಸುವುದು ಕಷ್ಟದ ಮಾತಲ್ಲ. ಜನರ ಲ್ಯಾಪ್‌ಟಾಪಿಗೆ ಕೈಹಾಕುವ ಮೊದಲು ಸಂಘ ತನ್ನ ಕಚೇರಿಯ ಕಂಪ್ಯೂಟರಿನಲ್ಲೇ ಒಂದು ವರ್ಷ ನಡೆಸಿ ನೋಡಲಿ. ಸದಸ್ಯರ ಪಟ್ಟಿ, ರಸೀದಿ, ನುಡಿಯಲ್ಲಿರುವ ಹಳೆಯ ಆಮಂತ್ರಣ ಪತ್ರಿಕೆಗಳು, ಮೂಲೆಯಲ್ಲಿರುವ ಪ್ರಿಂಟರು, ಇಷ್ಟು ಅಲ್ಲಿ ಸಾಗಿದರೆ ಸದಸ್ಯರ ಮನೆಯ ತಕರಾರುಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಹೇಳಬಲ್ಲವರು ಆ ಕಚೇರಿಯಲ್ಲೇ ತಯಾರಾಗಿರುತ್ತಾರೆ.