ಮೈಟೊಕಾಂಡ್ರಿಯದ ಮೂಲ ತಿಳಿಸಿದ ಗೋಧಿ

ಉಂಡ ಅನ್ನವನ್ನು ಉಸಿರಿನ ಆಮ್ಲಜನಕದ ನೆರವಿನಿಂದ ಶಕ್ತಿಯಾಗಿ ಮಾರ್ಪಡಿಸುವ ಕೆಲಸ ಬಹುಪಾಲು ನಡೆಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳಲ್ಲಿ. ಕೋಶಕೇಂದ್ರದ ಡಿಎನ್‌ಎ ಬೇರೆ, ಮೈಟೊಕಾಂಡ್ರಿಯದೊಳಗಿನ ಪುಟ್ಟ ಡಿಎನ್‌ಎಯೇ ಬೇರೆ. ಒಂದೇ ಕೋಶದಲ್ಲಿ ಈ ಎರಡನೆಯ ಡಿಎನ್‌ಎ ಎಲ್ಲಿಂದ ಬಂತು? ಮೈಟೊಕಾಂಡ್ರಿಯಗಳು ಒಂದು ಕಾಲದಲ್ಲಿ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಗಳು, ಮತ್ತೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆನಿಂತವು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದರು. ವಾದವೇನೋ ಬಂತು, ಗಟ್ಟಿ ಪುರಾವೆ ಬೇಕಿತ್ತು.

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಗ್ರೇ ಆ ಪುರಾವೆಯನ್ನು ಹುಡುಕಿದ್ದು ಗೋಧಿ ಕಾಳಿನ ಭ್ರೂಣದಲ್ಲಿ. ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳಲ್ಲಿ ಆರ್‌ಎನ್‌ಎ ಇರುತ್ತದೆ. ಗ್ರೇ, ಲಿಂಡಾ ಬೋನೆನ್, ಫೋರ್ಡ್ ಡೂಲಿಟಲ್ ಮತ್ತು ಸಂಗಡಿಗರು ಗೋಧಿಯ ಮೈಟೊಕಾಂಡ್ರಿಯದ ರೈಬೋಸೋಮ್ ಆರ್‌ಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ಒಂದೊಂದು ತುಂಡಿನ ಅಕ್ಷರಕ್ರಮವನ್ನೂ ಪಟ್ಟಿ ಮಾಡಿ ಹೋಲಿಸಿದರು. 1977ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಆ ಪಟ್ಟಿ ಬ್ಯಾಕ್ಟೀರಿಯಗಳ ಪಟ್ಟಿಯನ್ನು ಹೋಲುತ್ತಿತ್ತು, ಅದೇ ಗೋಧಿಯ ಕೋಶರಸದಲ್ಲಿರುವ ರೈಬೋಸೋಮ್ ಆರ್‌ಎನ್‌ಎ ಹೋಲುತ್ತಿರಲಿಲ್ಲ. 1985ರಲ್ಲಿ ಕಾರ್ಲ್ ವೋಸ್ ತಂಡ ಇದೇ ಜಾಡು ಹಿಡಿದು, ಮೈಟೊಕಾಂಡ್ರಿಯದ ಹತ್ತಿರದ ಬಂಧುಗಳು ಆಲ್ಫಾ ಪ್ರೋಟಿಯೋಬ್ಯಾಕ್ಟೀರಿಯಗಳು ಎಂದು ಗುರುತಿಸಿತು.

ಗೋಧಿಯೇ ಏಕೆ? ಪ್ರಾಣಿಗಳ ಮೈಟೊಕಾಂಡ್ರಿಯದ ಡಿಎನ್‌ಎ ಬಹಳ ಬೇಗ ಬದಲಾಗುವುದರಿಂದ ಪೂರ್ವಜರ ಗುರುತು ಅಳಿಸಿಹೋಗುತ್ತದೆ. ಸಸ್ಯಗಳಲ್ಲಿ ಬದಲಾವಣೆ ನಿಧಾನ. ಬದಲಾವಣೆಯಷ್ಟೇ ಅಲ್ಲ, ನಷ್ಟವೂ ಆಗಿದೆ: ನಮ್ಮ ಮೈಟೊಕಾಂಡ್ರಿಯದ ಜೀನೋಮ್‌ನಲ್ಲಿ, ಅಂದರೆ ಅದರ ಇಡೀ ಡಿಎನ್‌ಎಯಲ್ಲಿ, ಉಳಿದಿರುವುದು 16,569 ಅಕ್ಷರ ಜೋಡಿಗಳು, 37 ಜೀನ್‌ಗಳು ಮಾತ್ರ. ಮಲೇರಿಯಾ ಪರಾವಲಂಬಿಯಲ್ಲಂತೂ ಪ್ರೋಟೀನ್ ತಯಾರಿಗೆ ಸೂಚನೆ ಕೊಡುವ ಜೀನ್‌ಗಳು ಮೂರೇ. ಬ್ಯಾಕ್ಟೀರಿಯ ಪೂರ್ವಜರ ಮಿಕ್ಕ ಜೀನ್‌ಗಳಲ್ಲಿ ಕೆಲವು ಕೋಶಕೇಂದ್ರಕ್ಕೆ ವಲಸೆ ಹೋದವು, ಹಲವು ಕಳೆದೇಹೋದವು. ಮನುಷ್ಯನ ಮೈಟೊಕಾಂಡ್ರಿಯಕ್ಕೆ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್ ಬೇಕು. ಸ್ವಂತ ಜೀನ್‌ಗಳಿಂದ ಅದು ಮಾಡಿಕೊಳ್ಳುವುದು 13 ಅಷ್ಟೆ.

ಇಷ್ಟೊಂದು ಕಳೆದುಕೊಳ್ಳದ ಮೈಟೊಕಾಂಡ್ರಿಯವೂ ಇದೆ. 1997ರಲ್ಲಿ ಫ್ರಾಂಜ್ ಲ್ಯಾಂಗ್, ಗರ್ಟ್ರಾಡ್ ಬರ್ಗರ್, ಗ್ರೇ ಮತ್ತು ಇತರರು ರೆಕ್ಲಿನೊಮೊನಸ್ ಅಮೆರಿಕಾನಾ ಎಂಬ ಸಿಹಿನೀರಿನ ಏಕಕೋಶಜೀವಿಯ ಮೈಟೊಕಾಂಡ್ರಿಯದಲ್ಲಿ 97 ಜೀನ್‌ಗಳನ್ನು ಕಂಡರು. ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವ ಬ್ಯಾಕ್ಟೀರಿಯ ಮಾದರಿಯ ಕಿಣ್ವದ ಜೀನ್‌ಗಳೂ ಅದರಲ್ಲಿದ್ದವು. ಅದುವರೆಗೆ ಬೇರಾವ ಮೈಟೊಕಾಂಡ್ರಿಯದಲ್ಲೂ ಅವು ಕಂಡಿರಲಿಲ್ಲ. ನಮ್ಮ ಕೋಶದ ಚರಿತ್ರೆ ತಿಳಿಯಲು ಮನುಷ್ಯನನ್ನಷ್ಟೇ ನೋಡಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬ್ಯಾಕ್ಟೀರಿಯಗಳೊಂದಿಗಿನ ಈ ಹಳೆಯ ನೆಂಟಸ್ತಿಕೆ ಆಸ್ಪತ್ರೆಯಲ್ಲೂ ಲೆಕ್ಕಕ್ಕೆ ಬರುತ್ತದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಬ್ಯಾಕ್ಟೀರಿಯದ ರೈಬೋಸೋಮನ್ನು ತಡೆಯುತ್ತದೆ. ನಮ್ಮ ಮೈಟೊಕಾಂಡ್ರಿಯದ ರೈಬೋಸೋಮೂ ಅದೇ ಬಳಗದ್ದಾದ್ದರಿಂದ ಅದಕ್ಕೂ ಪೆಟ್ಟು ಬೀಳುತ್ತದೆ. ಆ ಔಷಧವನ್ನು ಬಹುಕಾಲ ತೆಗೆದುಕೊಳ್ಳುವವರು ಕೈಕಾಲು ಜೋಮು ಹಿಡಿದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.