ಕಲಿಯುವ ಕೀಲಿಮಣೆ ಮತ್ತು ರಾಮನಗರ ಸೀಮೆಯ ಕ್ರಿಯಾರೂಪಗಳು

ಬಳಕೆದಾರರ ರೂಢಿಗೆ ತಕ್ಕಂತೆ ಸಲಹೆಗಳನ್ನು ಬದಲಿಸಿಕೊಳ್ಳುವ ಮೊಬೈಲ್ ಕೀಲಿಮಣೆ ವಸ್ತುತಃ ಕಲಿಯುವುದೇನನ್ನು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಆಡುಮಾತಿನಲ್ಲಿ ‘ಮಾಡುತ್ತಿದ್ದಾನೆ’ ಎಂಬುದಕ್ಕೆ ‘ಮಾಡ್ತಾವ್ನೆ’ ಎಂಬ ರೂಪವುಂಟು. ಪದಪಟ್ಟಿಯನ್ನಷ್ಟೇ ಆಧರಿಸಿದ ಕೀಲಿಮಣೆ ಇದನ್ನು ಮೊದಲು ತಪ್ಪೆಂದು ಬಗೆಯುತ್ತದೆ. ಹಲವು ಬಾರಿ ಒತ್ತಿದ ಮೇಲೆ ಒಪ್ಪಿಕೊಳ್ಳುತ್ತದೆ. ಆದರೆ ಒಪ್ಪಿಕೊಂಡದ್ದು ಅಕ್ಷರಗಳ ಸರಣಿಯನ್ನು ಮಾತ್ರ. ‘ಮಾಡ್ತಾ’ದೊಡನೆ ‘ಇದ್ದಾನೆ’ ಎಂಬರ್ಥದ ‘ಅವ್ನೆ’ ಸೇರಿದೆಯೆಂಬ ವಿಂಗಡಣೆ ಅದಕ್ಕಿಲ್ಲ. ಆದ್ದರಿಂದ ‘ಮಾಡ್ತಾವ್ಳೆ’, ‘ಮಾಡ್ತಾವ್ರೆ’, ‘ನೋಡ್ತಾವ್ನೆ’ ಪ್ರತಿಯೊಂದನ್ನೂ ಹೊಸದಾಗಿ ಕಲಿಸಬೇಕು. ಪ್ರತ್ಯಯಗಳ ಮೇಲೆ ಪ್ರತ್ಯಯ ಸೇರುವ ಭಾಷೆಯಲ್ಲಿ ಇದು ಮುಗಿಯದ ಪಾಠ.

ವಿಚಿತ್ರವೆಂದರೆ, ರೇಷ್ಮೆ ಬೆಳೆಗಾರರ ‘ಹುಳ ಹಣ್ಣಾಗಿದೆ’ ಎಂಬ ವಾಕ್ಯಕ್ಕೆ ಅದರ ತಕರಾರಿಲ್ಲ. ಹುಳು ಗೂಡು ಕಟ್ಟಲು ಸಿದ್ಧವಾಗಿದೆ, ಚಂದ್ರಿಕೆಗೆ ಬಿಡಬೇಕು ಎಂಬ ವಿಶಿಷ್ಟಾರ್ಥ ಅದರ ಅರಿವಿಗೆ ಬಾರದು. ಪದಗಳು ಪಟ್ಟಿಯಲ್ಲಿದ್ದರೆ ಸಾಕು. ಅಪರೂಪದ ಅರ್ಥ ಸಲೀಸಾಗಿ ದಾಟುತ್ತದೆ, ದಿನನಿತ್ಯದ ಕ್ರಿಯಾರೂಪ ಸಿಕ್ಕಿಬೀಳುತ್ತದೆ.

ಕಲಿಸಿ ಬೇಸತ್ತವರು ಶಿಷ್ಟರೂಪದ ಸಲಹೆಯನ್ನೇ ಒತ್ತುವುದು ಸಹಜ. ಮೊಬೈಲ್ ಸಂದೇಶಗಳಲ್ಲಿ ‘-ತಾವ್ನೆ’ ವಿರಳವೆಂಬುದರಿಂದ ಅದು ಮಾತಿನಲ್ಲೂ ಅಳಿಯುತ್ತಿದೆಯೆಂದು ತೀರ್ಮಾನಿಸಲಾಗದು. ಇಂತಹ ಸಂದೇಶಗಳನ್ನು ಉಪಭಾಷಾ ದತ್ತವಾಗಿ ಸಂಗ್ರಹಿಸುವವರು, ಬರೆದವರು ತಾವೇ ಒತ್ತಿದ ರೂಪ ಯಾವುದು, ಸಲಹೆಯಿಂದ ಆಯ್ದದ್ದು ಯಾವುದು ಎಂಬುದನ್ನು ಕೇಳಿ ದಾಖಲಿಸಬೇಕು.